ಎರಡು ಘನಮೀಟರಿನ ಗೋಬರ್ ಗ್ಯಾಸ್: ಗುಮ್ಮಟ, ಡ್ರಮ್, ಬಲೂನು – ಎರೆ ನೆಲದ ಕೊಟ್ಟಿಗೆಗೆ ಯಾವುದು ತಾಳುತ್ತದೆ?

ಅಥಣಿ, ಚಿಕ್ಕೋಡಿ, ರಾಯಬಾಗ ಕಡೆ ಗೋಬರ್ ಗ್ಯಾಸ್ ಮಾರಲು ಬರುವವರ ಮೊದಲ ಮಾತು ಹೆಚ್ಚುಕಡಿಮೆ ಇದೇ: "ಎರಡ ಆಕಳ ಇದ್ರ ಸಾಕ್ರಿ ಯಜಮಾನ್ರ, ಸಿಲಿಂಡರ್ ಮರ್ತ ಬಿಡ್ರಿ." ಎರಡು ಆಕಳು ಸಾಲುವುದಿಲ್ಲ. ಸಿಲಿಂಡರನ್ನು ಪೂರ್ತಿ ಮರೆಯಲೂ ಆಗುವುದಿಲ್ಲ. ಹಾಗಂತ ಮಾಲು ಕೆಟ್ಟದ್ದೇನಲ್ಲ. ಚಲೋ ಕಟ್ಟಿಸಿ, ಹೊತ್ತಿಗೆ ಸರಿಯಾಗಿ ಉಣಿಸಿದರೆ ಹದಿನೈದು–ಇಪ್ಪತ್ತು ವರ್ಷ ಒಲೆ ಉರಿಸುತ್ತದೆ. ಇಲ್ಲಿ ನೋಡಿರುವುದು ಮನೆಬಳಕೆಯ 2 ಘನಮೀಟರ್ ಅಳತೆಯ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ ಮೂರು ನಮೂನೆ: ಇಟ್ಟಿಗೆ ಗುಮ್ಮಟದ ದೀನಬಂಧು, ತೇಲುವ ಡ್ರಮ್ಮಿನದು, ಮತ್ತು ಈಚೆಗೆ ಟೆಂಪೋದಲ್ಲಿ ಸುರುಳಿ ಸುತ್ತಿಕೊಂಡು ಬರುವ ರೆಡಿಮೇಡ್ ಬಲೂನು.

ಅವಸರದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಗರಸು (ಹರಳು ಬೆರೆತ ಗಟ್ಟಿ ಮಣ್ಣು) ನೆಲ, ಕಟ್ಟಿ ಮೇಯಿಸುವ ನಾಲ್ಕು ದನ, ಅನುಭವದ ಗೌಂಡಿ – ಈ ಮೂರೂ ಇದ್ದರೆ ದೀನಬಂಧು, ಹತ್ತಕ್ಕೆ ಎಂಟು. ಅದೇ ದೀನಬಂಧುವನ್ನು ಎರೆ ಮಣ್ಣಿನಲ್ಲಿ ಯಾವ ತಯಾರಿಯೂ ಇಲ್ಲದೆ ಹೂತರೆ ಹತ್ತಕ್ಕೆ ನಾಲ್ಕು. ಫೈಬರ್ ಡ್ರಮ್ಮಿನದಕ್ಕೆ ಏಳು, ಕಬ್ಬಿಣದ ಡ್ರಮ್ಮಿಗೆ ಐದು. ಬಲೂನಿಗೆ ಆರು; ಬಾಡಿಗೆ ಜಾಗದವರಿಗೆ, ಎರೆ ಹೊಲದ ನಡುವೆ ತೋಟದ ಮನೆ ಇದ್ದವರಿಗೆ ಅದೇ ವಾಸಿ.

ಯಾವುದನ್ನೇ ತಂದರೂ ಲೆಕ್ಕ ಶುರುವಾಗುವುದು ಹೆಂಡಿಯಿಂದ (ಸಗಣಿಯಿಂದ). 2 ಘನಮೀಟರಿನ ಘಟಕಕ್ಕೆ ದಿನಕ್ಕೆ 50 ಕೆ.ಜಿ. ಹಸಿ ಹೆಂಡಿ, 50 ಲೀಟರ್ ನೀರು ಬೇಕು. ನಾಟಿ ಆಕಳು ದಿನಕ್ಕೆ ಹಾಕುವುದು ಸುಮಾರು 10 ಕೆ.ಜಿ., ಎಮ್ಮೆ 15, ಚೆನ್ನಾಗಿ ಮೇಯುವ ಎಚ್‌ಎಫ್ ಮಿಶ್ರತಳಿ 15ರಿಂದ 20. ಹಗಲೆಲ್ಲ ಅಡವಿಗೆ ಹೊಡೆಯುವ ದನವಾದರೆ ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯದು ಮಾತ್ರ, ಅಂದರೆ ಅರ್ಧ. ಎರಡು ನಾಟಿ ಆಕಳು ಇಟ್ಟುಕೊಂಡು ಈ ಅಳತೆ ಕಟ್ಟಿಸಿದವರ ಗುಂಡಿಗೆ 20 ಕೆ.ಜಿ. ಬೀಳುತ್ತದೆ, ಬೆಳಗಿನ ಚಹಾ, ಅನ್ನಕ್ಕೆ ಆಗುವಷ್ಟು ಗ್ಯಾಸ್ ಬಂದು ರೊಟ್ಟಿ ಹೊತ್ತಿಗೆ ಉರಿ ಕೂರುತ್ತದೆ. ಆಮೇಲೆ "ಗೋಬರ್ ಗ್ಯಾಸ್ ನಡಿಯೂದಿಲ್ಲ" ಎಂಬ ಹೆಸರು. ಅಂಥವರು 1 ಘನಮೀಟರಿನದು ಕಟ್ಟಿಸಬೇಕಿತ್ತು.

ಕೊಟ್ಟಿಗೆಯಲ್ಲಿ ನಾಲ್ಕು ದನ ಇದ್ದರೆ ಇದನ್ನು ಐದನೆಯದು ಅಂತ ಎಣಿಸಿಕೊಳ್ಳಿ. ಒಳಗೆ ಕೆಲಸ ಮಾಡುವುದು ಆಕಳ ಹೊಟ್ಟೆಯಿಂದಲೇ ಬಂದ ಸೂಕ್ಷ್ಮಜೀವಿಗಳು. ಅವಕ್ಕೆ ಗಾಳಿ ಆಗದು, ಚಳಿ ಆಗದು, ಒಮ್ಮೆಲೇ ಅತಿಯಾಗಿ ತಿನ್ನಿಸಿದರೆ ಅಜೀರ್ಣ. ಒಂದು ತಂಡ ಹೆಂಡಿಯನ್ನು ಹುಳಿ ಮಾಡುತ್ತದೆ, ಇನ್ನೊಂದು ತಂಡ ಆ ಹುಳಿಯನ್ನು ಮೀಥೇನ್ ಮಾಡುತ್ತದೆ. ಮೊದಲಿನದು ಚುರುಕು, ಎರಡನೆಯದು ನಿಧಾನ. ಮದುವೆ ಮನೆಯ ಉಳಿದ ಅನ್ನ, ಕೆಟ್ಟ ಬೆಲ್ಲ, ಮಜ್ಜಿಗೆ ಎಲ್ಲ ಒಂದೇ ದಿನ ಸುರಿದರೆ ಹುಳಿ ಏರುತ್ತದೆ, ಮೀಥೇನ್ ತಂಡ ಕೂತುಬಿಡುತ್ತದೆ. ಹೊರಬರುವ ಸ್ಲರಿ (ಗ್ಯಾಸ್ ಕೊಟ್ಟು ಉಳಿದ ತೆಳು ಹೆಂಡಿ) ಹುಳಿ ವಾಸನೆ ಹೊಡೆದು, ಬರ್ನರಿಗೆ ಕಡ್ಡಿ ಗೀರಿದರೆ ಉರಿ ಹತ್ತದೆ ಆರಿಹೋದರೆ ಆಗಿರುವುದು ಇದೇ. ಮದ್ದು ಸರಳ: ಒಂದು ವಾರ ಉಣಿಸುವುದನ್ನು ನಿಲ್ಲಿಸಿ, ಸುಣ್ಣದ ತಿಳಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪಕ್ಕದ ಊರಿನ ಚಾಲೂ ಘಟಕದಿಂದ ಎರಡು–ಮೂರು ಕೊಡ ಸ್ಲರಿ ತಂದು ಬಿಡಿ.

ಈಗ ಗ್ಯಾಸಿನ ಲೆಕ್ಕ. ಒಂದು ಕೆ.ಜಿ. ಹಸಿ ಹೆಂಡಿಯಿಂದ ಸುಮಾರು 40 ಲೀಟರ್ ಗ್ಯಾಸ್. ಅದರಲ್ಲಿ ಉರಿಯುವ ಮೀಥೇನ್ ನೂರಕ್ಕೆ 55ರಿಂದ 65 ಪಾಲು, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ಒಂದು ಘನಮೀಟರ್ ಗ್ಯಾಸಿನ ಕಾವು ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ. ಎರಡು ಘನಮೀಟರ್ ತಪ್ಪದೆ ಬಂದರೆ ತಿಂಗಳಿಗೆ ಸುಮಾರು 26 ಕೆ.ಜಿ., ಅಂದರೆ 14.2 ಕೆ.ಜಿ.ಯ ಒಂದೂಮುಕ್ಕಾಲು ಸಿಲಿಂಡರು. ಇದು ಕಾಗದದ ಲೆಕ್ಕ. ಚಳಿಗಾಲ, ಸೋರಿಕೆ, ಉಣಿಸದ ದಿನ ಎಲ್ಲ ಕಳೆದು ತಿಂಗಳಿಗೆ ಒಂದು ಸಿಲಿಂಡರು ಉಳಿಯಿತು ಅಂದರೆ ಘಟಕ ಚಲೋ ನಡೆದಿದೆ ಅಂತಲೇ ಅರ್ಥ. ಎರಡು ಸಿಲಿಂಡರು ಉಳಿಸುತ್ತೇವೆ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ನವೀಕರಿಸಬಹುದಾದ ಇಂಧನ ಅಂದೊಡನೆ ಬೆಳಗಾವಿ ಜಿಲ್ಲೆಯವರ ಕಣ್ಣಿಗೆ ಬರುವುದು ಸವದತ್ತಿ ಕಡೆಯ ಗಾಳಿಯಂತ್ರ, ಹಿಡಕಲ್ ಡ್ಯಾಮಿನ ಕರೆಂಟು, ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಮಾಡುವ ವಿದ್ಯುತ್ತು, ಮಾಳಿಗೆ ಮೇಲಿನ ಸೋಲಾರು. ಗಾಳಿ ಆಷಾಢದಲ್ಲಿ ಜೋರು, ಚಳಿಗಾಲದಲ್ಲಿ ಮಂದ. ಸಿಪ್ಪೆ ಹಂಗಾಮಿನಲ್ಲಿ ಮಾತ್ರ. ಸೂರ್ಯ ಸಂಜೆ ಮನೆಗೆ ಹೋಗುತ್ತಾನೆ. ಹೆಂಡಿ ಗ್ಯಾಸಿನ ಹೆಚ್ಚುಗಾರಿಕೆ ಇರುವುದು ಇಲ್ಲೇ: ಬ್ಯಾಟರಿ ಇಲ್ಲದೆ ಕೂಡಿಟ್ಟುಕೊಳ್ಳಬಹುದು. ಆದರೆ ಎಷ್ಟು ಕೂಡಿಡಬಹುದು ಎಂಬುದನ್ನು ಮಾರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೀನಬಂಧು ಗುಮ್ಮಟದಲ್ಲಿ ಹಿಡಿಯುವುದು ಒಂದು ದಿನದ ಗ್ಯಾಸಿನ ಮೂರನೇ ಒಂದು ಪಾಲು, ಅಂದರೆ ಸುಮಾರು 0.66 ಘನಮೀಟರ್. ತೇಲುವ ಡ್ರಮ್ಮಿನಲ್ಲಿ ಅರ್ಧ ದಿನದ್ದು. ಹನ್ನೆರಡು ತಾಸಿಗೆ ಒಂದು ಘನಮೀಟರ್ ಹುಟ್ಟುತ್ತದೆ; ಗುಮ್ಮಟ ತುಂಬಿದ ಮೇಲೆ ಬಂದದ್ದು ಸ್ಲರಿಯನ್ನು ಕೆಳಕ್ಕೆ ಒತ್ತಿ, ಸ್ಲರಿ ಹೊರಬರುವ ಹೊರಗುಂಡಿಯಲ್ಲಿ ಗುಳುಗುಳು ಅಂತ ಹೊರಗೆ ಹೋಗುತ್ತದೆ. ಆದ್ದರಿಂದ ಬೆಳಿಗ್ಗೆಯೂ ಸಂಜೆಯೂ ಒಲೆ ಹಚ್ಚುವ ಮನೆಗೆ ಮಾತ್ರ ಪೂರ್ತಿ ಲಾಭ. ಒಂದೇ ಹೊತ್ತು ಬಿಸಿ ಅಡುಗೆ ಮಾಡುವ ಮನೆಯವರು ಅರ್ಧ ಗ್ಯಾಸನ್ನು ಗಾಳಿಗೆ ಬಿಡುತ್ತಿರುತ್ತಾರೆ. ಮೀಥೇನ್ ಹಾಗೆ ಹೋಗುವುದು ವಾತಾವರಣಕ್ಕೂ ಒಳ್ಳೆಯದಲ್ಲ.

ದೀನಬಂಧು 1984ರಿಂದ ಬಳಕೆಯಲ್ಲಿರುವ ನಮೂನೆ. ಕಬ್ಬಿಣ ಇಲ್ಲ, ಅಲುಗಾಡುವ ಭಾಗ ಇಲ್ಲ, ಎಲ್ಲವೂ ನೆಲದೊಳಗೆ. 2 ಘನಮೀಟರಿಗೆ ಸುಮಾರು 1000 ಇಟ್ಟಿಗೆ, 14ರಿಂದ 16 ಚೀಲ ಸಿಮೆಂಟು, ಉಸುಕು, ಕಡಿ, ಒಳಹಾಕುವ ಕಡೆಗೆ 6 ಇಂಚಿನ ಪೈಪು, ಗುಮ್ಮಟದ ತುದಿಗೆ ಗ್ಯಾಸ್ ಪೈಪು, ಹೊರಗುಂಡಿ ಮುಚ್ಚಲು ಹಾಸುಕಲ್ಲು ಅಥವಾ ಕಾಂಕ್ರೀಟ್ ಹಲಗೆ. ಇವತ್ತಿನ ದರಕ್ಕೆ ಗುಣಿಸಿ, ಗೌಂಡಿ ಮತ್ತು ಇಬ್ಬರು ಆಳುಗಳ ಎಂಟು–ಹತ್ತು ದಿನದ ಕೂಲಿ ಸೇರಿಸಿ. ಗುತ್ತಿಗೆದಾರ ಹೇಳುವ ಮೊತ್ತ ಇದಕ್ಕಿಂತ ಬಹಳ ಮೇಲಿದ್ದರೆ ಚೌಕಾಸಿ ಮಾಡಲು ಜಾಗ ಇದೆ. ತಗ್ಗು ಸುಮಾರು 10 ಅಡಿ ಅಗಲ, 6 ಅಡಿ ಆಳ. ಕುಡಿಯುವ ನೀರಿನ ಬಾವಿ, ಬೋರಿನಿಂದ ಕನಿಷ್ಠ 50 ಅಡಿ ದೂರ ಇರಲಿ. ಅಡುಗೆಮನೆಯಿಂದ 60 ಅಡಿ ಮೀರದಿದ್ದರೆ ಅರ್ಧ ಇಂಚಿನ ಪೈಪು ಸಾಕು. ಮೀರಿದರೆ ಮುಕ್ಕಾಲು ಇಂಚು ಹಾಕಿ, ಇಲ್ಲದಿದ್ದರೆ ಒತ್ತಡ ದಾರಿಯಲ್ಲೇ ಸಾಯುತ್ತದೆ. ಹುಣಸೆ, ಬೇವಿನ ಬೇರಿನ ಹತ್ತಿರ ಬೇಡ. ನೆರಳಿನಲ್ಲಂತೂ ಬೇಡವೇ ಬೇಡ.

ಎಲ್ಲ ಇರುವುದು ಗೌಂಡಿಯ ಕೈಯಲ್ಲಿ. ಗೋಡೆ ಕಟ್ಟುವವರೆಲ್ಲ ಗುಮ್ಮಟ ಕಟ್ಟಲಾರರು. ನಡುವೆ ಗೂಟ ನೆಟ್ಟು, ಅಳತೆಯ ಕೋಲು ತಿರುಗಿಸುತ್ತ, ಪ್ರತಿ ಇಟ್ಟಿಗೆಯ ಒಳತುದಿ ಕೋಲಿಗೆ ತಾಗುವಂತೆ ಕೂರಿಸುವವನು ನಿಜವಾದ ಗುಮ್ಮಟದ ಗೌಂಡಿ. ಕಣ್ಣಂದಾಜಿನ ಮೇಲೆ ಏರಿಸುವವನನ್ನು ಅಲ್ಲಿಗೇ ನಿಲ್ಲಿಸಿ. ಇಟ್ಟಿಗೆ ಬೆಂದಿರಬೇಕು: ಒಂದಕ್ಕೊಂದು ತಾಗಿಸಿದರೆ ಠಣ್ ಅನ್ನಬೇಕು, ರಾತ್ರಿ ನೀರಿನಲ್ಲಿ ನೆನೆಸಿರಬೇಕು. ಒಣ ಇಟ್ಟಿಗೆ ಗಾರೆಯ ನೀರು ಹೀರಿ ಸಂದು ಪುಡಿಯಾಗುತ್ತದೆ, ಆ ಸಂದಿನಲ್ಲೇ ಮುಂದೆ ಗ್ಯಾಸು ಸೋರುವುದು. ಒಳಗಿಲಾವು ಒಂದೇ ದಪ್ಪ ಪದರಿನಲ್ಲಿ ಬೇಡ, ತೆಳುವಾಗಿ ಮೂರು ಸಲ. ನಡುವೆ ಸಿಮೆಂಟ್ ಹಾಲು ಬಳಿಯಬೇಕು, ಕೊನೆಗೆ ಗ್ಯಾಸ್ ನಿಲ್ಲುವ ಮೇಲ್ಭಾಗಕ್ಕೆ ಎಪಾಕ್ಸಿ ಅಥವಾ ಕಪ್ಪು ಎನಾಮಲ್. ಹತ್ತು–ಹದಿನೈದು ದಿನ ಕ್ಯೂರಿಂಗ್. ಬೇಸಿಗೆಯಲ್ಲಿ ಕಟ್ಟಿಸಿ ಎರಡು ದಿನ ನೀರು ಹೊಡೆದು ಬಿಟ್ಟ ಗುಮ್ಮಟದಲ್ಲಿ ಕೂದಲೆಳೆಯ ಬಿರುಕು ಖಾತ್ರಿ.

ಎರೆ ಭೂಮಿಯ ವಿಷಯಕ್ಕೆ ಬಂದರೆ, ಅಥಣಿಯಿಂದ ವಿಜಯಪುರ, ಬಾಗಲಕೋಟೆಯವರೆಗೆ ಕೆಟ್ಟ ಗುಮ್ಮಟಗಳಿಗೆ ದೊಡ್ಡ ಕಾರಣ ಇದು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಸುಗ್ಗಿ ಮುಗಿದ ಹೊಲದಂತೆ ಅಂಗೈ ಅಗಲ ಬಾಯಿ ಬಿಡುತ್ತದೆ. ಉಬ್ಬಿದಾಗ ಗುಮ್ಮಟವನ್ನು ಹಿಂಡುತ್ತದೆ, ಸೀಳಿದಾಗ ಆಸರೆ ಕಳಚುತ್ತದೆ. ಎರಡು ವರ್ಷದ ಈ ಎಳೆದಾಟಕ್ಕೆ ಗಿಲಾವು ಸೀಳುತ್ತದೆ. ದಾರಿ ಇಲ್ಲದಿಲ್ಲ. ತಗ್ಗನ್ನು ಸುತ್ತಲೂ ಒಂದು ಅಡಿ ಹೆಚ್ಚು ಅಗೆಯಿರಿ. ತಳಕ್ಕೆ ಗರಸು ಹಾಕಿ ದಮ್ಮಸು ಮಾಡಿ, ಆ ಮೇಲೆ ಕಾಂಕ್ರೀಟು. ಕಟ್ಟಿದ ಮೇಲೆ ಸುತ್ತಲಿನ ಖಾಲಿಗೆ ಅಗೆದ ಎರೆ ಮಣ್ಣನ್ನೇ ಮತ್ತೆ ತುಂಬಬೇಡಿ. ಗರಸು ತರಿಸಿ, ಅರ್ಧ ಅಡಿ ಹಾಕಿ ನೀರು ಚಿಮುಕಿಸಿ ಬಡಿಯುತ್ತ ಮೇಲಕ್ಕೆ ಬನ್ನಿ. ಎರಡು ಟ್ರ್ಯಾಕ್ಟರ್ ಗರಸಿನ ಖರ್ಚು ಉಳಿಸಲು ಹೋಗಿ ಪೂರ್ತಿ ಗುಮ್ಮಟ ಕಳೆದುಕೊಳ್ಳುವುದು ಈ ಕಡೆ ಸಾಮಾನ್ಯ. ಖಾನಾಪುರ ಕಡೆ ತೊಂದರೆ ಬೇರೆ. ಮಳೆಗಾಲದಲ್ಲಿ ನೆಲದ ನೀರು ಮೇಲೇರಿ, ಖಾಲಿ ಗುಮ್ಮಟವನ್ನು ಕೆಳಗಿನಿಂದ ಎತ್ತುತ್ತದೆ. ಮೇ ತಿಂಗಳಲ್ಲಿ ಮುಗಿಸಿದವರು ಹೆಂಡಿ ಸಿಗದಿದ್ದರೂ ಮಳೆಗೆ ಮೊದಲು ನೀರು ತುಂಬಿಸಿ ಇಡಬೇಕು.

ಹಣ ಕೊಡುವ ಮುನ್ನ ಪರೀಕ್ಷೆ ಮಾಡಿಸಿ. ನೀರು ತುಂಬಿಸಿ ಒಂದು ದಿನ ಬಿಡಿ, ಇಟ್ಟಿಗೆ ಕುಡಿಯುವಷ್ಟು ಕುಡಿಯಲಿ. ಆಮೇಲೆ ಗ್ಯಾಸ್ ಪೈಪಿನ ವಾಲ್ವು ಮುಚ್ಚಿ ಇನ್ನಷ್ಟು ನೀರು ಹಾಕಿದರೆ ಗುಮ್ಮಟದೊಳಗೆ ಗಾಳಿ ಸಿಕ್ಕಿಕೊಂಡು ಒತ್ತಡ ಏರುತ್ತದೆ. ಪಾರದರ್ಶಕ ಪೈಪನ್ನು ಹಲಗೆಗೆ ಇಂಗ್ಲಿಷಿನ ಯು ಅಕ್ಷರದಂತೆ ಬಡಿದು, ಬಣ್ಣದ ನೀರು ಹಾಕಿ ಜೋಡಿಸಿ. ಎರಡು ಕಾಲಿನ ನೀರಿನ ಅಂತರ ಎಷ್ಟು ಸೆಂಟಿಮೀಟರೋ ಅಷ್ಟು ಒತ್ತಡ. ಸಂಜೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಹೆಚ್ಚುಕಡಿಮೆ ಅಲ್ಲೇ ಇದ್ದರೆ ಸರಿ; ಇಳಿಯುತ್ತಲೇ ಹೋಗಿದ್ದರೆ ಮೊದಲು ಪೈಪಿನ ಕೂಡಿಕೆಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಹುಡುಕಿ, ಸಿಗದಿದ್ದರೆ ಗುಮ್ಮಟವೇ ಸೋರುತ್ತಿದೆ. ಈ ಪೈಪನ್ನು ಆಮೇಲೂ ಅಡುಗೆಮನೆಯ ಗೋಡೆಗೆ ಹಾಗೇ ಬಿಡಿ. ನೂರು ರೂಪಾಯಿಯ ಒಳಗಿನ ಈ ಸಾಮಾನು ಎಷ್ಟು ಗ್ಯಾಸ್ ಉಳಿದಿದೆ ಅಂತ ದಿನಾ ಹೇಳುತ್ತದೆ. ಇದನ್ನು ಪುಕ್ಕಟೆ ಕೊಡುವ ಗುತ್ತಿಗೆದಾರ ತನ್ನ ಕೆಲಸದ ಮೇಲೆ ನಂಬಿಕೆ ಇಟ್ಟವನು.

ಮೊದಲ ಸಲ ತುಂಬಿಸುವುದು ದೊಡ್ಡ ಕೆಲಸ. ದಿನದ 100 ಲೀಟರ್ ಲೆಕ್ಕದಲ್ಲಿ 40 ದಿನದ್ದು ಒಳಗೆ ನಿಲ್ಲಬೇಕು: 2 ಟನ್ ಹೆಂಡಿ, 2000 ಲೀಟರ್ ನೀರು. ಕಟ್ಟಡ ನಡೆಯುವಾಗಲೇ ಹೆಂಡಿ ಕೂಡಿಡಲು ಶುರುಮಾಡಿ. ಒಣಗದಂತೆ ನೀರು ಚಿಮುಕಿಸಿ, ಮೇಲೆ ಗೋಣಿಚೀಲ ಹಾಕಿ. ಕುಳ್ಳು ಬಡಿಯುವ ಹದದ ಹೆಂಡಿ ಬೇಡ. ಇನ್ನೂರು–ಮುನ್ನೂರು ಲೀಟರ್ ಹಳೆಯ ಸ್ಲರಿ ಸಿಕ್ಕಿದರೆ ಹೆಪ್ಪು ಹಾಕಿದಂತೆ ಬೇಗ ಹತ್ತುತ್ತದೆ. ಹದಿನೈದರಿಂದ ಇಪ್ಪತ್ತೈದು ದಿನದಲ್ಲಿ ಒತ್ತಡ ಕಾಣುತ್ತದೆ, ಆದರೆ ಆ ಮೊದಲ ಗ್ಯಾಸ್ ಉರಿಯುವುದಿಲ್ಲ. ಅದರಲ್ಲಿ ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚು. ಗಾಳಿಯೊಂದಿಗೆ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಬೆರೆತಿದ್ದರೆ ಕಿಡಿ ತಾಗಿದಾಗ ಸಿಡಿಯುತ್ತದೆ. ಎರಡು–ಮೂರು ಸಲ ಪೂರ್ತಿ ಹೊರಗೆ ಬಿಟ್ಟ ಮೇಲೆ ಒಲೆಯ ಮೇಲೆಯೇ ಹಚ್ಚಿ ನೋಡಿ. ಗುಮ್ಮಟದ ತುದಿಯ ಪೈಪಿಗೆ ಕಡ್ಡಿ ಗೀರಿ "ಬಂದೈತೇನ" ಅಂತ ನೋಡುವ ಚಾಳಿ ಬಿಡಬೇಕು.

ದಿನದ ಕೆಲಸ ಹತ್ತು–ಹದಿನೈದು ನಿಮಿಷ. ಕಲಸುವ ತೊಟ್ಟಿಯಲ್ಲಿ ಹೆಂಡಿ, ನೀರು ಸಮಸಮ. ಕೈಯಿಂದಲೇ ಕಿವುಚಿ, ಬೆರಳ ಸಂದಿನಲ್ಲಿ ಗಂಟು ತಾಗಬಾರದು, ಎತ್ತಿದರೆ ತೆಳು ಅಂಬಲಿಯಂತೆ ಜಾರಬೇಕು. ಕಣಿಕೆಯ ದಂಟು, ಕಬ್ಬಿನ ರವದಿ ಸಿಕ್ಕರೆ ಆರಿಸಿ ಎಸೆಯಿರಿ. ಒಳಗೆ ಹೋದರೆ ಮೇಲೆ ತೇಲಿ ಚಾಪೆಯಂತೆ ಗಟ್ಟಿಯಾಗಿ ಗ್ಯಾಸಿನ ದಾರಿ ಕಟ್ಟುತ್ತದೆ. ಒಂದು ನಿಮಿಷ ಬಿಟ್ಟರೆ ಮಣ್ಣು, ಹರಳು ತೊಟ್ಟಿಯ ತಳಕ್ಕೆ ಕೂರುತ್ತವೆ. ಆಮೇಲೆ ಬಿರಡೆ ತೆಗೆದು, ತಳದ ಕೊನೆಯ ಬೊಗಸೆಯನ್ನು ತಿಪ್ಪೆಗೆ ಹಾಕಿ. ಇದನ್ನು ಬಿಟ್ಟವರ ಗುಂಡಿಯಲ್ಲಿ ಐದಾರು ವರ್ಷಕ್ಕೆ ಮೊಣಕಾಲುದ್ದ ಮಣ್ಣು ತುಂಬಿ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ. ನೀರಿಗೆ ಬರ ಇರುವ ಇಂಡಿ, ಚಡಚಣ ಕಡೆ ಕೊಟ್ಟಿಗೆ ತೊಳೆದ ನೀರು, ದನದ ಗಂಜಲ ಬಳಸಬಹುದು, ಆದರೆ ಫಿನೈಲ್, ಸಾಬೂನು ಹಾಕಿ ತೊಳೆದದ್ದು ಬೇಡ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಚುಚ್ಚಿಸಿಕೊಂಡ ಆಕಳ ಹೆಂಡಿಯನ್ನು ಒಂದು ವಾರ ತಿಪ್ಪೆಗೇ ಹಾಕಿ.

ಒಲೆಯ ಮಾತು. ಎಲ್‌ಪಿಜಿ ಒಲೆಯನ್ನೇ ಜೋಡಿಸಿಕೊಡುವ ಮಾರಾಟಗಾರರಿದ್ದಾರೆ, ಬೇಡ ಅನ್ನಿ. ಎಲ್‌ಪಿಜಿ ಹೆಚ್ಚು ಒತ್ತಡದಲ್ಲಿ ಸಣ್ಣ ರಂಧ್ರದಿಂದ ಬರುತ್ತದೆ, ತುಂಬ ಗಾಳಿ ಬೇಡುತ್ತದೆ. ಹೆಂಡಿ ಗ್ಯಾಸಿಗೆ ದೊಡ್ಡ ಜೆಟ್, ಕಡಿಮೆ ಗಾಳಿ ಬೇಕು. ಒಂದು ಪಾಲು ಗ್ಯಾಸಿಗೆ ಆರು ಪಾಲಿನಷ್ಟು ಗಾಳಿ ಸಾಕು. ಜೆಟ್ಟಿಗೆ ಡ್ರಿಲ್ ಹೊಡೆದು ಅಗಲ ಮಾಡಿದ ಒಲೆಯಲ್ಲಿ ಉರಿ ಬರ್ನರಿನಿಂದ ಮೇಲಕ್ಕೆ ಹಾರಿ ಆರುತ್ತದೆ. ಗೋಬರ್ ಗ್ಯಾಸಿನ ಒಲೆಗೆ ಭಾರತೀಯ ಮಾನಕ ಐಎಸ್ 8749 ಇದೆ, ಆ ಗುರುತು ನೋಡಿ ತೆಗೆದುಕೊಳ್ಳಿ. ದೊಡ್ಡ ಬರ್ನರು ತಾಸಿಗೆ 0.45 ಘನಮೀಟರ್, ಸಣ್ಣದು ಅದರರ್ಧ ಕುಡಿಯುತ್ತದೆ.

ಈ ಭಾಗದಲ್ಲಿ ಒಲೆಯ ಪರೀಕ್ಷೆ ಅಂದರೆ ಜೋಳದ ರೊಟ್ಟಿ. ಅನ್ನ, ಬೇಳೆಗೆ ಎಂಥ ಉರಿಯೂ ನಡೆಯುತ್ತದೆ. ಹಂಚು ಕಾಯದಿದ್ದರೆ ರೊಟ್ಟಿ ಉಬ್ಬುವುದಿಲ್ಲ, ಚರ್ಮದಂತಾಗುತ್ತದೆ. ಗುಮ್ಮಟದ ಘಟಕದಲ್ಲಿ ಬೆಳಗಿನ ಒತ್ತಡ ಚೆನ್ನಾಗಿ ಏರಿರುತ್ತದೆ, ತುಂಬಿದಾಗ 90 ಸೆಂ.ಮೀ. ನೀರಿನಷ್ಟೂ ಹೋಗಬಹುದು. ಹಾಗಾಗಿ ರೊಟ್ಟಿ ಮೊದಲು, ಪಲ್ಯ ಆಮೇಲೆ. ದೊಡ್ಡ ಬರ್ನರಿನಲ್ಲಿ ಹಂಚನ್ನು ಏಳೆಂಟು ನಿಮಿಷ ಕಾಯಿಸಿ, ನೀರಿನ ಹನಿ ಚುಂಯ್ ಅಂದು ಹಾರಿದ ಮೇಲೆ ಮೊದಲ ರೊಟ್ಟಿ ಹಾಕಬೇಕು. ಒತ್ತಡ ಇಳಿಯುತ್ತ ಹೋದಂತೆ ಗಾಳಿಯ ಬಿಲ್ಲೆಯನ್ನು ಕೊಂಚ ಕೊಂಚ ಮುಚ್ಚುತ್ತ ಬನ್ನಿ. ಉರಿ ನೀಲಿಯಾಗಿ, ಗಿಡ್ಡವಾಗಿ, ಸದ್ದಿಲ್ಲದೆ ನಿಂತರೆ ಹದ ಸರಿ. ಹಳದಿ ತುದಿ ಕಂಡರೆ ಗಾಳಿ ಸಾಲದು, ಪಟಪಟ ಅಂದರೆ ಹೆಚ್ಚಾಗಿದೆ. ಉರಿ ಬುಕ್ ಬುಕ್ ಅಂತ ಕುಣಿದರೆ ಇವೆರಡೂ ಅಲ್ಲ, ಪೈಪಿನಲ್ಲಿ ನೀರು ನಿಂತಿದೆ. ಗ್ಯಾಸು ಒಳಗಿನಿಂದ ಆವಿ ಹೊತ್ತು ಬಂದು ಪೈಪಿನಲ್ಲಿ ತಣಿದು ನೀರಾಗುತ್ತದೆ. ಪೈಪನ್ನು ನೂರು ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಹಾಕಿ, ಅತಿ ತಗ್ಗಿನ ಜಾಗಕ್ಕೆ ನೀರು ಬಿಡುವ ನಲ್ಲಿ ಕೂರಿಸಿರಬೇಕು. ಗೋಡೆಯ ಮೇಲೆ ಜೋಲಿ ಹೊಡೆಯುವ ಪ್ಲಾಸ್ಟಿಕ್ ಪೈಪು ಎಳೆದು ಹೋಗುವ ಕೆಲಸಗಾರರೇ ಹೆಚ್ಚು; ಪ್ರತಿ ಜೋಲಿಯೂ ಒಂದೊಂದು ಕೆರೆ.

ಬಲೂನಿನ ಅತಿ ದೊಡ್ಡ ಕೊರತೆ ರೊಟ್ಟಿಯ ಹಂಚಿನ ಮೇಲೆಯೇ ಗೊತ್ತಾಗುತ್ತದೆ. ಒತ್ತಡ ಎರಡು–ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಉಸುಕಿನ ಚೀಲ ಹೇರಿ ಒತ್ತಡ ಮಾಡಿಕೊಳ್ಳಬೇಕು, ಇಲ್ಲವೇ ಸಣ್ಣ ಬ್ಲೋವರ್ ಬೇಕು. ಬ್ಲೋವರಿಗೆ ಕರೆಂಟು ಬೇಕು, ಬೆಳಗಿನ ಜಾವ ಕರೆಂಟ್ ಹೋದರೆ ರೊಟ್ಟಿಯೂ ಹೋಯಿತು. ಹೇರಿದ ಚೀಲದ ಹೊಲಿಗೆಯಲ್ಲಿ ತಂತಿ, ಮುಳ್ಳು ಇರದಂತೆ ನೋಡಿಕೊಳ್ಳಿ. ಉಳಿದಂತೆ ಕೂರಿಸುವುದು ಎರಡು ದಿನದ ಕೆಲಸ, ಹೆಚ್ಚು ಆಳವಿಲ್ಲದ ತಗ್ಗು ಸಾಕು, ಎರೆ ಮಣ್ಣು ಉಬ್ಬಿದರೂ ಬಟ್ಟೆ ಬಾಗುತ್ತದೆ ವಿನಾ ಸೀಳುವುದಿಲ್ಲ. ಕಪ್ಪು ಮೈ ಬಿಸಿಲು ಹೀರುವುದರಿಂದ ಡಿಸೆಂಬರ್ ಹಗಲಿನಲ್ಲಿ ಒಳಗೆ ಬೆಚ್ಚಗಿರುತ್ತದೆ, ರಾತ್ರಿ ಅಷ್ಟೇ ಬೇಗ ತಣ್ಣಗಾಗುತ್ತದೆ. ಶತ್ರುಗಳು ನಾಲ್ಕು: ಇಲಿ, ನಾಯಿಯ ಉಗುರು, ಜಾಲಿಮುಳ್ಳು, ಏಪ್ರಿಲ್ ಬಿಸಿಲು. ಸುತ್ತ ತಂತಿ ಜಾಳಿಗೆ ಬಿಗಿಯದ ಬಲೂನಿಗೆ ಗ್ಯಾರಂಟಿ ಕೊಡುವುದಿಲ್ಲ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಬಟ್ಟೆಗಿಂತ ಮೊದಲು ಬಿಡುವುದು ಬೆಸುಗೆಯ ಅಂಚು ಮತ್ತು ಪೈಪು ಕೂಡುವ ಫ್ಲಾಂಜು; ಗ್ಯಾರಂಟಿ ಇವುಗಳಿಗೂ ಇದೆಯೇ ಅಂತ ಬರೆಸಿಕೊಳ್ಳಿ. ಅದೇ ಬಟ್ಟೆಯ ಒಂದು ಮೊಳ ತುಂಡು, ಅಂಟು ಕೇಳಿ ಇಟ್ಟುಕೊಳ್ಳಿ. ತಳದಲ್ಲಿ ಕೆಸರು ಬಿಡುವ ಪೈಪು ಇಲ್ಲದ ಬಲೂನು ಕೊಳ್ಳಲೇಬೇಡಿ. ಮಣ್ಣು ತುಂಬಿದರೆ ಕತ್ತರಿಸುವುದೊಂದೇ ದಾರಿ.

ತೇಲುವ ಡ್ರಮ್ಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒತ್ತಡ ಒಂದೇ ಸಮ, 8ರಿಂದ 10 ಸೆಂಟಿಮೀಟರ್. ಗ್ಯಾಸ್ ಇದ್ದರೆ ಡ್ರಮ್ ಮೇಲೆ, ಇಲ್ಲದಿದ್ದರೆ ಕೆಳಗೆ, ಮಗುವಿಗೂ ಗೊತ್ತಾಗುತ್ತದೆ. ದಿನಕ್ಕೊಮ್ಮೆ ಹಿಡಿದು ತಿರುಗಿಸಿದರೆ ಮೇಲಿನ ಕೆನೆ ಒಡೆಯುತ್ತದೆ. ಕಬ್ಬಿಣದ್ದಾದರೆ ಸ್ಲರಿ ತಾಗುವ ಅಂಚಿನಲ್ಲಿ ತುಕ್ಕು ತಿನ್ನುತ್ತದೆ, ವರ್ಷಕ್ಕೊಮ್ಮೆ ಎತ್ತಿ ಉಜ್ಜಿ ಬಣ್ಣ ಬಳಿಯಬೇಕು. ಬಳಿಯುವವರು ಕಡಿಮೆ, ಅದಕ್ಕೇ ಹಳೆಯ ಡ್ರಮ್ಮುಗಳು ಇವತ್ತು ದನದ ನೀರಿನ ಬಾನಿಗಳಾಗಿವೆ. ಫೈಬರಿನದು ದುಬಾರಿ, ಆದರೆ ಆ ಕಾಟ ಇಲ್ಲ.

ಚಳಿ ಮೂರಕ್ಕೂ ತಪ್ಪಿದ್ದಲ್ಲ. ಸೂಕ್ಷ್ಮಜೀವಿಗಳಿಗೆ ಹಿತ 30ರಿಂದ 35 ಡಿಗ್ರಿ. 15ರ ಹತ್ತಿರ ಹೋದರೆ ಹೆಚ್ಚುಕಡಿಮೆ ನಿದ್ದೆ. ಬೆಳಗಾವಿ, ಖಾನಾಪುರ ಕಡೆಯ ಡಿಸೆಂಬರ್–ಜನವರಿಯಲ್ಲಿ ಮೂರನೇ ಒಂದು ಭಾಗ ಗ್ಯಾಸ್ ಕಡಿಮೆ ಬರಬಹುದು ಅಂತ ಮೊದಲೇ ಲೆಕ್ಕ ಹಾಕಿ. ನೆಲದೊಳಗಿನ ಗುಮ್ಮಟ ಇದರಲ್ಲಿ ಎಲ್ಲಕ್ಕಿಂತ ಗಟ್ಟಿ. ಗುಮ್ಮಟದ ಮೇಲೆ ತಿಪ್ಪೆ ಅಥವಾ ಹೊಟ್ಟು ಹರಡಿ, ಬಿಸಿಲು ಬಿದ್ದ ನೀರನ್ನು ಮಧ್ಯಾಹ್ನ ಕಲಸಿ ಹಾಕಿ. ಬೆಳಗಿನ ತಣ್ಣೀರು ಬೇಡ.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಸ್ವಲ್ಪ ಬಂದರೆ ಸೋರಿಕೆ ತಿಳಿಯಲು ಒಳ್ಳೆಯದೇ, ಆದರೆ ಇದು ಹಿತ್ತಾಳೆಯ ನಲ್ಲಿಗಳನ್ನು ತಿಂದು ಬಿಗಿ ಮಾಡುತ್ತದೆ. ಪೈಪಿನ ನಡುವೆ ಲೇಥಿನ ಕಬ್ಬಿಣದ ಸಿಪ್ಪೆ ತುಂಬಿದ ಡಬ್ಬಿ ಇಟ್ಟರೆ ಹೀರಿಕೊಳ್ಳುತ್ತದೆ. ಸಿಪ್ಪೆ ತುಕ್ಕು ಹಿಡಿದು ಕೆಂಪಗಿರಬೇಕು, ಪೂರ್ತಿ ಕಪ್ಪಾದರೆ ಬದಲಿಸಿ. ತೆಗೆದ ಕಪ್ಪು ಸಿಪ್ಪೆ ಗಾಳಿಗೆ ತಾಗಿದೊಡನೆ ತಾನೇ ಬಿಸಿಯಾಗುತ್ತದೆ. ಕಣಿಕೆ ಬಣವೆ, ಕುಳ್ಳಿನ ರಾಶಿಯ ಹತ್ತಿರ ಎಸೆಯಬೇಡಿ. ನೀರು ಹೊಡೆದು ಬರಿ ನೆಲದ ಮೇಲೆ ಹರಡಿ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಗುಂಡಿ ಖಾಲಿ ಇದ್ದರೂ, ವರ್ಷದಿಂದ ಬಂದಾಗಿದ್ದರೂ ಒಳಗೆ ಇಳಿಯಬಾರದು. ಉಸಿರಿಗೆ ಗಾಳಿ ಇರುವುದಿಲ್ಲ, ಸಲ್ಫೈಡ್ ಹೆಚ್ಚಾದರೆ ವಾಸನೆಯೇ ಗೊತ್ತಾಗುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಏಳುವುದಿಲ್ಲ. ಕೆಸರು ತೆಗೆಯುವುದು ಮೇಲಿನಿಂದ, ಪಂಪಿನಿಂದ. ಹೊರಗುಂಡಿಯ ಹಾಸುಕಲ್ಲು ಅರ್ಧ ತೆರೆದಿರುವ ಮನೆ ಬೇಕಾದಷ್ಟಿವೆ. ಕರು ಬೀಳುತ್ತದೆ, ಮಕ್ಕಳು ಬೀಳುತ್ತಾರೆ. ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವುದು ಹಾಸುಕಲ್ಲು ಕೂತ ಮೇಲೆ.

ಸಬ್ಸಿಡಿ ಅಳತೆಯ ಮೇಲೆ ನಿಗದಿಯಾಗುತ್ತದೆ, ಘಟಕ ಚಾಲೂ ಆಗಿ ಪರಿಶೀಲನೆ ಮುಗಿದ ಮೇಲೆ ಖಾತೆಗೆ ಬರುತ್ತದೆ. ಅಂದರೆ ಮೊದಲು ಪೂರ್ತಿ ಹಣ ಕೈಯಿಂದ. ಆ ವರ್ಷ ಯೋಜನೆ ಚಾಲೂ ಇದೆಯೇ, ಗುರಿ ಉಳಿದಿದೆಯೇ ಅಂತ ತಾಲೂಕು ಪಂಚಾಯಿತಿಯಲ್ಲಿ ಕೇಳಿ, ಮಂಜೂರಾತಿ ಕೈಗೆ ಬಂದ ಮೇಲೆ ಅಗೆಯಿರಿ. "ಸಬ್ಸಿಡಿ ನಾವ ಹಿಡ್ಕೋತೀವ್ರಿ, ಉಳದದ್ದ ಕೊಡ್ರಿ" ಅನ್ನುವವರಿಗೆ ಪಾಸ್‌ಬುಕ್, ಸಹಿ ಕೊಡಬೇಡಿ.

ಗ್ಯಾಸಿನಷ್ಟೇ ಬೆಲೆ ಸ್ಲರಿಗೂ ಇದೆ. ದಿನಕ್ಕೆ ಹತ್ತಿರ ಹತ್ತಿರ 100 ಲೀಟರ್ ಹೊರಗೆ ಬರುತ್ತದೆ, ಸಾರಜನಕ ಒಳಗೇ ಉಳಿದಿರುತ್ತದೆ. ನೊಣ ಕಡಿಮೆ, ಕಳೆಯ ಬೀಜ ಬಹುಪಾಲು ಸತ್ತಿರುತ್ತದೆ. ಎರಡು ಗುಂಡಿ ತೋಡಿ, ತಳಕ್ಕೆ ರವದಿ ಹಾಸಿ ಸ್ಲರಿ ಬಿಡಿ, ಒಂದು ತುಂಬಿದ ಮೇಲೆ ಇನ್ನೊಂದು. ಮೂರು ತಿಂಗಳಿಗೆ ರವದಿ ಕರಗಿ ಗೊಬ್ಬರ ಆಗಿರುತ್ತದೆ. ಹೊಲದಲ್ಲಿ ರವದಿ ಸುಡುವುದೂ ತಪ್ಪಿತು. ಕಾಲುವೆ ನೀರಿನ ಕಬ್ಬಿಗೆ ನೀರಿನ ಜತೆ ನೇರ ಬಿಡಬಹುದು. ಡ್ರಿಪ್ಪಿಗೆ ಬಿಡುವ ಆಸೆ ಬೇಡ, ಎಂಥ ಜಾಳಿಗೆ ಹಾಕಿ ಸೋಸಿದರೂ ನಳಿಗೆ ಕಟ್ಟುತ್ತದೆ.

ಜಾತ್ರೆಗೋ ಮದುವೆಗೋ ಮನೆಮಂದಿ ಹದಿನೈದು ದಿನ ಊರು ಬಿಟ್ಟರೆ ಘಟಕ ಸಾಯುವುದಿಲ್ಲ, ಹಸಿದಿರುತ್ತದೆ. ಹೋಗುವಾಗ ಗ್ಯಾಸ್ ಪೂರ್ತಿ ಉರಿಸಿ ವಾಲ್ವು ಮುಚ್ಚಿ. ಬಲೂನಾದರೆ ಮೇಲಿನ ಉಸುಕಿನ ಚೀಲ ಇಳಿಸಿ, ಹೆಚ್ಚಾದ ಗ್ಯಾಸ್ ಹೊರಹೋಗುವ ನೀರಿನ ಬಾಟಲಿಯಲ್ಲಿ ನೀರು ಇದೆಯೇ ನೋಡಿ. ಬಂದ ದಿನವೇ ಕೂಡಿಬಿದ್ದ ಹೆಂಡಿಯನ್ನೆಲ್ಲ ಹಾಕಬೇಡಿ. ಮೂರು ದಿನ 15 ಕೆ.ಜಿ., ಆಮೇಲೆ ಮೂರು ದಿನ 30, ವಾರ ದಾಟಿದ ಮೇಲೆ 50. ಉಳಿದ ಹೆಂಡಿ ಕುಳ್ಳಿಗೆ.